ಬುಧವಾರ ವಿಮಾನವಿರಲಿಲ್ಲ

ನಮ್ಮ ಊರಿನಲ್ಲಿ ಹಾರುವ ಪ್ರತಿಯೊಂದಕ್ಕೂ ದಾರ ಕಟ್ಟಬೇಕು. ಗಾಳಿಪಟಕ್ಕೆ ಎಲ್ಲ ಊರುಗಳಲ್ಲೂ ದಾರ ಇರುತ್ತದೆ, ಅದರಲ್ಲಿ ವಿಶೇಷವಿಲ್ಲ. ನಮ್ಮಲ್ಲಿ ಸಾಕಿದ ಪಾರಿವಾಳಕ್ಕೂ ದಾರ, ಮದುವೆ ಚಪ್ಪರದ ಬಲೂನಿಗೂ ದಾರ, ಬೇಲಿ ಹಾರುವ ಚಾಳಿಯ ಹುಂಜಕ್ಕೂ ದಾರ. ಉದ್ದ ಇಪ್ಪತ್ತು ಅಡಿ, ಒಂದಿಂಚೂ ಹೆಚ್ಚಿಲ್ಲ. ಇನ್ನೊಂದು ತುದಿ ಯಾರದಾದರೂ ಕೈಯಲ್ಲಿರಬೇಕು, ಇಲ್ಲವೇ ನೆಲಕ್ಕೆ ಹೊಡೆದ ಗೂಟಕ್ಕೆ ಬಿಗಿದಿರಬೇಕು. ಕಾಗೆ, ಹದ್ದು, ಕೊಕ್ಕರೆಗಳ ಬಗ್ಗೆ ಮಾತ್ರ ವಿಮಾನ ನಿಲ್ದಾಣದ ಕಚೇರಿಯವರು ತಮ್ಮ ಪುಸ್ತಕದಲ್ಲಿ 'ಇವು ಊರಿನ ಕಾಯಂ ನಿವಾಸಿಗಳಲ್ಲ' ಎಂದು ಒಂದು ಸಾಲು ಬರೆದು ಕೈಬಿಟ್ಟಿದ್ದಾರೆ.

ಜನ ಇದಕ್ಕೆ ಒಗ್ಗಿಹೋಗಿ ಎಷ್ಟೋ ಕಾಲವಾಗಿದೆ. ಸಂಜೆಯಾದರೆ ಪಾರಿವಾಳ ಸಾಕುವವರು ತಾರಸಿಯ ಮೇಲೆ ನಿಂತು ದಾರ ಬಿಡುತ್ತಾ ಸುತ್ತುತ್ತಾ ಇರುತ್ತಾರೆ. ಎರಡು ಮನೆಯ ಹಕ್ಕಿಗಳು ಸಿಕ್ಕುಹಾಕಿಕೊಂಡರೆ ಎರಡೂ ಮನೆಯ ಹೆಂಗಸರು ಒಟ್ಟಿಗೆ ಕೂತು ಗಂಟು ಬಿಡಿಸುತ್ತಾರೆ. ಆ ನೆಪದಲ್ಲಿ ಒಂದೆರಡು ಸಂಬಂಧಗಳೂ ಕುದುರಿವೆ. ಒಣಗಲು ಹಾಕಿದ ಸೀರೆ ಗಾಳಿಗೆ ಹಾರಿಹೋದರೆ ಅದಕ್ಕೂ ದಂಡವಿದೆ. ಹಾಗಾಗಿ ಹೊರಗಿನಿಂದ ಬಂದ ಸೊಸೆಗೆ ಅತ್ತೆ ಮೊದಲು ಹೇಳಿಕೊಡುವುದು ಸೀರೆಗೆ ನಾಲ್ಕು ಕ್ಲಿಪ್ಪು ಹಾಕುವುದನ್ನು.

ಆ ದಾರಗಳನ್ನು ಅಳೆದು ಮುದ್ರೆ ಹಾಕುವ ಕೆಲಸ ಇಪ್ಪತ್ತೆರಡು ವರ್ಷ ನನ್ನದಾಗಿತ್ತು. ನನ್ನ ಹೆಸರು ದಾಕ್ಷಾಯಣಿ, ಊರಿನವರು ದಾರದಕ್ಕ ಎನ್ನುತ್ತಿದ್ದರು. ಭುಜಕ್ಕೊಂದು ಖಾಕಿ ಚೀಲ, ಅದರಲ್ಲಿ ಅಳತೆಯ ಟೇಪು, ಸೀಸದ ಬಿಲ್ಲೆಗಳು, ಒಂದು ಇಕ್ಕಳ. ಇಕ್ಕಳದ ಬಾಯಿಯಲ್ಲಿ ನಿಲ್ದಾಣದ ಗುರುತು ಕೆತ್ತಿತ್ತು. ದಾರದ ತುದಿಗೆ ಬಿಲ್ಲೆ ಇಟ್ಟು ಒಮ್ಮೆ ಒತ್ತಿದರೆ ಮುದ್ರೆ. ಅದೇ ಇಕ್ಕಳದ ಹಿಂಭಾಗದಿಂದ ಹಿಂಡಿದರೆ ಮುದ್ರೆ ಬಿಚ್ಚುತ್ತಿತ್ತು. ಆ ಕೆಲಸದಲ್ಲಿ ನನಗೆ ಹೆಮ್ಮೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಕೆಲಸಕ್ಕೆ ಸೇರುವುದಕ್ಕೆ ಮುಂಚೆ, ಯಾರೋ ಹಾರಿಬಿಟ್ಟ ಬಟ್ಟೆಯ ಗಾಳಿಪಟವೊಂದು ಇಳಿಯುತ್ತಿದ್ದ ವಿಮಾನದ ಎಂಜಿನ್ನಿಗೆ ಸಿಕ್ಕಿ, ವಿಮಾನ ಓಡುಹಾದಿ ಬಿಟ್ಟು ಕೆರೆಯ ಏರಿಗೆ ಗುದ್ದಿತ್ತು. ಇಬ್ಬರು ಸತ್ತರು. ಅವತ್ತು ಏರಿಯ ಮೇಲೆ ಓಡಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ನಿಯಮವೇ ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ನನ್ನ ಸಿಟ್ಟು ಬೇರೆಯದರ ಮೇಲೆ, ಬೇರೆಯವರ ಮೇಲೆ. ಅವರಲ್ಲಿ ನಾನೂ ಇದ್ದೇನೆ.

ಹತ್ತು ವರ್ಷದ ಹಿಂದೆ ಊರಿಗೆ ಡ್ರೋನು ಬಂತು. ತಂದವನು ಓಂಕಾರಿ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕೈಗಡಿಯಾರ ರಿಪೇರಿ ಮಾಡುವವನು. ಗಡಿಯಾರಗಳನ್ನು ಯಾರೂ ರಿಪೇರಿಗೆ ಕೊಡದ ಕಾಲ ಬಂದಾಗ ಅವನ ಬೆರಳುಗಳಿಗೆ ಬೇರೆ ಕೆಲಸ ಬೇಕಾಗಿತ್ತು ಅಂತ ಕಾಣುತ್ತದೆ. ಒಡೆದುಹೋದ ಡ್ರೋನೊಂದನ್ನು ಯಾರಿಂದಲೋ ತಂದು ಮೂರು ತಿಂಗಳು ಕೂತು ಸರಿಮಾಡಿದ. ಅವನನ್ನು ನೋಡಿ ಇನ್ನೂ ಹತ್ತು ಜನ ಶುರುಮಾಡಿದರು. ಕಚೇರಿಯಿಂದ ನಿಯಮಗಳ ಕಾಗದ ಬಂತು: ನಿಲ್ದಾಣದ ಸುತ್ತ ಮೂರು ಮೈಲಿಯೊಳಗೆ ಹವ್ಯಾಸದ ಡ್ರೋನು ಹಾರಿಸುವಂತಿಲ್ಲ. ನಮ್ಮ ಊರು, ಅದರ ಕೆರೆ, ಕೆರೆಯಾಚೆಯ ಸ್ಮಶಾನ ಎಲ್ಲವೂ ಆ ಮೂರು ಮೈಲಿಯೊಳಗೇ ಇವೆ. ಹಾರಿಸಲೇಬೇಕೆಂದರೆ ದಾರ. ಡ್ರೋನಿನ ದಾರವೆಂದರೆ ನೂಲಲ್ಲ, ತೆಳುವಾದ ಉಕ್ಕಿನ ತಂತಿ. ಅದು ಬ್ಯಾಟರಿ ಕೂರುವ ಗೂಡಿನೊಳಗಿಂದ ಹಾದು ಬರುತ್ತಿತ್ತು, ಕೊನೆಗೆ ನನ್ನ ಮುದ್ರೆ. ಮುದ್ರೆ ಬಿಚ್ಚದೆ ತಂತಿ ಕತ್ತರಿಸಿದರೂ ಕಿತ್ತರೂ ಗೂಡೇ ಒಡೆದು ಡ್ರೋನು ಕೆಲಸಕ್ಕೆ ಬಾರದ ಹಾಗೆ ಆಗುತ್ತಿತ್ತು. ಆ ಏರ್ಪಾಡನ್ನು ಕಚೇರಿಗೆ ಸೂಚಿಸಿದವಳೂ ನಾನೇ. ಅದಕ್ಕೆ ನನಗೊಂದು ಶಾಲು ಹೊದಿಸಿದ್ದರು.

ಭಾನುವಾರ ಶಾಲೆಯ ಬಯಲಿನಲ್ಲಿ ಹನ್ನೊಂದು ಜನ ಹನ್ನೊಂದು ತಂತಿ ಹಿಡಿದು ನಿಲ್ಲುತ್ತಿದ್ದರು. ಗೂಟಕ್ಕೆ ಕಟ್ಟಿದ ಆಡುಗಳು ಸುತ್ತಲಿನ ಹುಲ್ಲನ್ನಷ್ಟೇ ಮೇಯುವ ಹಾಗೆ ಡ್ರೋನುಗಳು ಇಪ್ಪತ್ತು ಅಡಿಯ ಆಕಾಶದಲ್ಲಿ ಸುತ್ತುತ್ತಿದ್ದವು. ಓಂಕಾರಿ ಮಾತ್ರ ಕೆಲವು ಬೆಳಿಗ್ಗೆ ಕೆರೆಯ ಏರಿಗೆ ಹೋಗಿ ಹಾರಿಸುತ್ತಿದ್ದ, ಅವನ ಅಕ್ಕ ಸಣ್ಣೀರಮ್ಮನಿಗೋಸ್ಕರ. ಅವಳು ಕೆರೆಯಲ್ಲಿ ಜೊಂಡು ಕೊಯ್ದು ಚಾಪೆ ನೇಯುವವಳು. ತಾಯಿ ಸತ್ತಾಗ ಓಂಕಾರಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಅವನನ್ನು ಸಾಕುವ ಭರದಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡವಳು. ಏರಿಯ ಅಂಚಿನಲ್ಲಿ ಡ್ರೋನು ಎದ್ದರೆ ದಡದ ಬಳಿಯ ಜೊಂಡಿನ ನಡುವಿನಿಂದ ಕುಡುಗೋಲು ಮೇಲೆತ್ತಿ ಆಡಿಸುತ್ತಿದ್ದಳು. ನಮ್ಮ ಕೆರೆಯ ಜೊಂಡು ಆಳಿನ ಎರಡು ಪಟ್ಟು ಬೆಳೆಯುತ್ತದೆ. ಒಳಗೆ ಹೋದವರು ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ; ಗಾಳಿಯಿದ್ದರೆ ಕೂಗಿದ್ದೂ ಕೇಳುವುದಿಲ್ಲ, ಅಷ್ಟು ಸದ್ದು ಅದರದು.

ಅವತ್ತು ಬುಧವಾರ. ನಮ್ಮ ನಿಲ್ದಾಣಕ್ಕೆ ವಾರಕ್ಕೆ ಎರಡೇ ವಿಮಾನ, ಮಂಗಳವಾರ ಒಂದು, ಶನಿವಾರ ಒಂದು. ಬೆಳಿಗ್ಗೆ ಹತ್ತು ಗಂಟೆಗೆ ಓಂಕಾರಿ ನಮ್ಮ ಮನೆ ಬಾಗಿಲಿಗೆ ಬಂದ. ಸೊಂಟದವರೆಗೆ ಒದ್ದೆಯಾಗಿದ್ದ. ಕಂಕುಳಲ್ಲಿ ಟವಲಿನಲ್ಲಿ ಸುತ್ತಿದ ಡ್ರೋನು.

"ಅಕ್ಕಾ, ನಮ್ಮಕ್ಕ ಬಂದಿಲ್ಲ ಕಣಕ್ಕ. ಐದಕ್ಕೆ ಕೆರೆಗೆ ಹೋದೋಳು. ಎಂಟಕ್ಕೆಲ್ಲ ಬಂದ್ಬಿಡ್ತಾಳೆ ದಿನಾ."

"ಜೊತೆಗೆ ಯಾರೂ ಇರ್ಲಿಲ್ವ?"

"ಇವತ್ತು ಒಬ್ಳೇ. ಐದು ತೆಪ್ಪ ಒಳಗೆ ಹೋಗ್ಯಾವೆ. ಕೂಗಿ ಕೂಗಿ ಗಂಟ್ಲು ಹೋಯ್ತು. ಹಿಂಗೆ ಹುಡುಕ್ತಾ ಹೋದ್ರೆ ಎರಡು ದಿನ ಹಿಡಿತೈತೆ. ಮುದ್ರೆ ಬಿಚ್ಚಕ್ಕ. ಮೇಲಿಂದ ಒಂದು ಸುತ್ತು ಹೊಡೆದ್ರೆ ಸಿಗ್ತಾಳೆ. ಒಂದೇ ಸುತ್ತು."

ಚೀಲ ನನ್ನ ಭುಜದಲ್ಲೇ ಇತ್ತು, ಕೆಲಸಕ್ಕೆ ಹೊರಟಿದ್ದೆ. ಇಕ್ಕಳ ಅದರೊಳಗಿತ್ತು. ಕೈ ಹಾಕಿ ತೆಗೆದು ಒಮ್ಮೆ ಹಿಂಡಿದ್ದರೆ ಆಗುತ್ತಿತ್ತು. ಇದನ್ನು ಬರೆಯುವಾಗಲೂ ಆ ಬಾಗಿಲಲ್ಲಿ ನಿಂತಿರುವ ಹೆಂಗಸಿನ ಕೆನ್ನೆಗೆ ಹೊಡೆಯಬೇಕು ಅನ್ನಿಸುತ್ತದೆ. ಅವಳು ಏನು ಹೇಳಿದಳು ಗೊತ್ತೇ? "ಹಾಗೆಲ್ಲ ಬಿಚ್ಚೋ ಹಂಗಿಲ್ಲ ಓಂಕಾರಿ. ಕಚೇರಿಗೆ ಹೋಗೋಣ ನಡಿ. ಸುಧಾಕರ್ ಸಾಹೇಬ್ರು ಒಳ್ಳೇರು, ಹತ್ತು ನಿಮಿಷದಲ್ಲಿ ಅನುಮತಿ ಕೊಡ್ತಾರೆ. ನಾನೇ ಜೊತೆಗೆ ಬರ್ತೀನಿ." ಜೊತೆಗೆ ಬರುವುದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದೆ.

ಸುಧಾಕರ್ ಸಾಹೇಬರು ನಿಲ್ದಾಣದ ಆಕಾಶ ವಿಭಾಗದ ಅಧಿಕಾರಿ. ಒಳ್ಳೆಯವರೇ. ಯಾರಿಗೂ ಗದರಿದವರಲ್ಲ. ನಮ್ಮನ್ನು ಕೂರಿಸಿ, ಓಂಕಾರಿಯ ಒದ್ದೆ ಬಟ್ಟೆ ನೋಡಿ ಫ್ಯಾನು ನಿಲ್ಲಿಸಿದರು. ಪೂರ್ತಿ ಕೇಳಿದರು. ಆಮೇಲೆ ಕಪಾಟಿನಿಂದ ನಾಲ್ಕು ಪುಟದ ಅರ್ಜಿಯೊಂದನ್ನು ತೆಗೆದರು.

"ದಾರವಿಲ್ಲದ ಹಾರಾಟಕ್ಕೆ ಇದುವರೆಗೆ ಯಾರೂ ಅರ್ಜಿ ಹಾಕಿಲ್ಲ. ನೀವೇ ಮೊದಲು," ಎಂದರು. ಅದನ್ನು ಸಂತೋಷದ ಸುದ್ದಿಯಂತೆ ಹೇಳಿದರು.

ಓಂಕಾರಿ ಡ್ರೋನನ್ನು ಕೈಯಿಂದ ಬಿಡಲಿಲ್ಲ, ಹಾಗಾಗಿ ನಾನೇ ತುಂಬಿದೆ. ಹೆಸರು, ಮನೆ, ಡ್ರೋನಿನ ತೂಕ, ರೆಕ್ಕೆಗಳ ಸಂಖ್ಯೆ. ಏಳನೆಯ ಕಲಮಿನಲ್ಲಿ ನಿಂತೆ. 'ಹಾರಾಟದ ನಿಖರ ಸ್ಥಳ' ಎಂದಿತ್ತು.

"ಕೆರೆ ಅಂತ ಬರೀಲಾ ಸರ್?"

"ಕೆರೆ ಎರಡು ಮೈಲಿ ಇದೆಯಲ್ಲಮ್ಮ. ಅಷ್ಟಕ್ಕೂ ಅನುಮತಿ ಕೊಡೋದಕ್ಕೆ ಬರಲ್ಲ. ಆಕೆ ಇರೋ ಜಾಗ ಬರೀರಿ. ಅದರ ಸುತ್ತ ನೂರು ಅಡಿಗೆ ಕೊಡಬಹುದು."

ಓಂಕಾರಿ ತಲೆಯೆತ್ತಿದ. "ಆಕೆ ಇರೋ ಜಾಗ ಗೊತ್ತಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ ಸಾಹೇಬ್ರೆ?"

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ," ಎಂದರು ಸುಧಾಕರ್. ನಿಜವಾಗಿಯೂ ಅರ್ಥವಾದವರ ಮುಖವೇ ಇತ್ತು. "ಆದರೆ ಖಾಲಿ ಬಿಟ್ಟರೆ ಮುಖ್ಯ ಕಚೇರಿಯವರು ವಾಪಸ್ ಕಳಿಸ್ತಾರೆ. ಮತ್ತೆ ಮೊದಲಿಂದ ಶುರು."

"ಇವತ್ತು ವಿಮಾನ ಇಲ್ವಲ್ಲ ಸರ್," ಎಂದೆ ನಾನು.

"ಇಲ್ಲ. ಅದನ್ನೂ ಬರೀರಿ, ಹದಿನಾಲ್ಕನೇ ಕಲಮು, ಇತರ ವಿಷಯಗಳು ಅಂತಿದೆ."

ಕೆರೆಯ ನಡುವನ್ನು ಸುಮ್ಮನೆ ಊಹಿಸಿ ಬರೆದೆ. ಅರ್ಜಿ ಮುಖ್ಯ ಕಚೇರಿಗೆ ಹೋಯಿತು. ಮುಖ್ಯ ಕಚೇರಿ ಬೇರೆ ಊರಿನಲ್ಲಿದೆ, ಅಲ್ಲಿನವರು ನಮ್ಮ ಕೆರೆಯನ್ನು ಕಂಡವರಲ್ಲ. ಹನ್ನೊಂದಾಯಿತು. ಸುಧಾಕರ್ ಫೋನು ಮಾಡಿದರು, ಸಂಬಂಧಪಟ್ಟವರು ಸಭೆಯಲ್ಲಿದ್ದರು. ಚಹಾ ತರಿಸಿದರು. ಓಂಕಾರಿ ಮುಟ್ಟಲಿಲ್ಲ, ನಾನು ಕುಡಿದೆ. ಹನ್ನೆರಡಾಯಿತು. ಕೆರೆಯ ಕಡೆಯಿಂದ ಒಬ್ಬ ಬಂದು, ತೆಪ್ಪದವರು ಉತ್ತರದ ದಡ ಮುಗಿಸಿದರು, ಸಿಕ್ಕಿಲ್ಲ ಎಂದು ಹೇಳಿಹೋದ. ಒಂದು ಗಂಟೆಗೆ ಸುಧಾಕರ್ ಡಬ್ಬಿ ಬಿಚ್ಚಿ ಊಟ ಮಾಡಿದರು, ನಮ್ಮನ್ನೂ ಕರೆದರು. ಎರಡಕ್ಕೆ ಮತ್ತೆ ಫೋನು. ಸಭೆ ಮುಗಿದಿತ್ತು, ಸಂಬಂಧಪಟ್ಟವರು ಊಟಕ್ಕೆ ಹೋಗಿದ್ದರು.

ಓಂಕಾರಿ ಹತ್ತು ಗಂಟೆಯ ನಂತರ ನನ್ನನ್ನು ಎರಡನೆಯ ಸಲ ಕೇಳಲಿಲ್ಲ. ಮೊಣಕಾಲ ಮೇಲೆ ಡ್ರೋನು ಇಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಆಗಾಗ ನನ್ನ ಚೀಲವನ್ನು ನೋಡುತ್ತಿದ್ದ. ನಾನು ಪ್ರತಿ ಸಲವೂ ಬೇರೆ ಕಡೆ ನೋಡಿದೆ. ಇನ್ನೇನು ಬಂತು, ಇನ್ನೇನು ಬಂತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮುದ್ರೆಯನ್ನೂ ಆದೇಶವಿಲ್ಲದೆ ಬಿಚ್ಚಿದವಳಲ್ಲ ನಾನು.

ನಾಲ್ಕು ಗಂಟೆಗೆ ಮುಖ್ಯ ಕಚೇರಿಯಿಂದಲೇ ಫೋನು ಬಂತು. ಸುಧಾಕರ್ ಹೂಂ ಹೂಂ ಎಂದು ಕೇಳಿ, ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು.

"ಒಂದು ವಿವರ ಕೇಳ್ತಿದ್ದಾರೆ. ಹತ್ತನೇ ಕಲಮು ಖಾಲಿ ಬಿಟ್ಟಿದ್ದೀರಂತೆ. ಗುರಿಯ ಎತ್ತರ."

"ಗುರಿ ಅಂದ್ರೆ?"

"ಯಾವುದನ್ನ ನೋಡೋದಕ್ಕೆ ಹಾರಿಸ್ತೀರೋ ಅದರ ಎತ್ತರ. ಅಂದರೆ ಆ ಹೆಂಗಸು."

"ಅವ್ಳು ನೆಲದ ಮೇಲಿದ್ದಾಳೆ ಸರ್."

ಅವರು ಪೆನ್ನು ತೆಗೆದರು. "ಹಾಗಾದ್ರೆ ಸೊನ್ನೆ ಅಂತ ಬರೆದುಬಿಡ್ಲಾ?"

ನಾನು ಎದ್ದು ಹೊರಗೆ ಬಂದು ಬೆಂಚಿನ ಮುಂದೆ ನಿಂತು, "ಕೊಡು," ಎಂದೆ. ಓಂಕಾರಿ ಡ್ರೋನು ಕೊಟ್ಟ. ಇಕ್ಕಳ ತೆಗೆದು ಹಿಂಡಿದೆ. ಸೀಸದ ಬಿಲ್ಲೆ ಬಾಯಿಬಿಟ್ಟಿತು, ತಂತಿಯನ್ನು ಎಳೆದು ಬಿಸಾಡಿದೆ. ಒಟ್ಟು ಎಷ್ಟು ಹೊತ್ತು ಹಿಡಿಯಿತು ಅಂತೀರಿ? ಉಗುಳು ನುಂಗುವಷ್ಟು. ಬಾಗಿಲಲ್ಲಿ ಸುಧಾಕರ್ ನಿಂತಿದ್ದರು. "ದಾಕ್ಷಾಯಣಿಯವರೇ, ಇನ್ನೊಂದು ಐದು ನಿಮಿಷ..." ಎಂದರು. ನಾವು ತಿರುಗಿ ನೋಡಲಿಲ್ಲ.

ಏರಿಯ ಮೇಲೆ ನಿಂತು ಓಂಕಾರಿ ಅದನ್ನು ಬಿಟ್ಟ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅದು ಇಪ್ಪತ್ತು ಅಡಿ ದಾಟಿ ಮೇಲೆ ಹೋಯಿತು. ಯಾವಾಗಲೂ ಆ ಎತ್ತರದಲ್ಲಿ ತಂತಿ ಜಗ್ಗುತ್ತಿದ್ದ ಅವನ ಎಡಗೈ ಅಭ್ಯಾಸಬಲದಿಂದ ಒಮ್ಮೆ ಜಗ್ಗಿತು. ಅವನ ಮೊಬೈಲಿನಲ್ಲಿ ಕೆರೆ ಮೇಲಿನಿಂದ ಕಂಡಿತು, ಎಮ್ಮೆಯ ಬೆನ್ನಿನ ಹಾಗೆ, ಗಾಳಿಗೆ ಅತ್ತ ಇತ್ತ ಬಾಚಿದ ಕೂದಲು. ತೆಪ್ಪಗಳು ಎಲ್ಲೋ ಉತ್ತರದಲ್ಲಿ ಒದ್ದಾಡುತ್ತಿದ್ದವು. ಓಂಕಾರಿ ದಕ್ಷಿಣಕ್ಕೆ ತಿರುಗಿಸಿದ. ಹನ್ನೊಂದನೆಯ ನಿಮಿಷಕ್ಕೆ ಜೊಂಡಿನ ನಡುವೆ ಒಂದು ದುಂಡನೆಯ ಬಯಲು ಕಂಡಿತು. ಅದರಲ್ಲಿ ಕೆಂಪು.

ಕೆಳಗಿಳಿಸಿದ. ಕೆಂಪು ಎಂದರೆ ಸೀರೆ. ಸಣ್ಣೀರಮ್ಮ ಕೂತಲ್ಲಿಂದ ಕೈಗೆ ಎಟುಕುವಷ್ಟು ಸುತ್ತಲಿನ ಜೊಂಡನ್ನು ಕೊಯ್ದು ಮಲಗಿಸಿ, ಉಟ್ಟ ಸೀರೆ ಬಿಚ್ಚಿ ಅದರ ಮೇಲೆ ಹರಡಿದ್ದಳು. ತಾನು ಲಂಗ ರವಿಕೆಯಲ್ಲಿ ಪಕ್ಕಕ್ಕೆ ಒರಗಿದ್ದಳು. ಓಂಕಾರಿ ಒಂದು ಕ್ಷಣ ಮುಖ ಬೇರೆ ಕಡೆ ತಿರುಗಿಸಿದ, ಆಮೇಲೆ ಮತ್ತೆ ನೋಡಿದ. ಮೇಲಿನಿಂದ ನೋಡುವವರಿಗೆ ಕಾಣಲಿ ಎಂದೇ ಅವಳು ಅದೆಲ್ಲ ಮಾಡಿದ್ದಳು. ತೆಪ್ಪದವರಿಗಲ್ಲ, ತಮ್ಮನಿಗೆ. ಡ್ರೋನಿನ ಸದ್ದಿಗೆ ಅವಳ ಕೈ ಒಂದಿಷ್ಟು ಎದ್ದು ಬಿತ್ತು.

ಬೆಳಿಗ್ಗೆ ಏಳರ ಹೊತ್ತಿಗೆ ಕುಡುಗೋಲು ಜಾರಿ ಮೊಣಕಾಲ ಕೆಳಗೆ ಆಳವಾಗಿ ಕುಯ್ದಿತ್ತಂತೆ. ರಕ್ತ ನಿಲ್ಲದೆ ಹೋದಾಗ ಸೀರೆಯ ಅಂಚು ಹರಿದು ಮೊಣಕಾಲ ಮೇಲೆ, ಅಲ್ಲೇ ಸಿಕ್ಕ ಗಟ್ಟಿ ಕೋಲೊಂದನ್ನು ಸಿಗಿಸಿ ತಿರುವಿ, ಬಿಗಿಯಾಗಿ ಕಟ್ಟಿಕೊಂಡಿದ್ದಳು. ತೆಪ್ಪದವರನ್ನು ಅತ್ತ ಕಳಿಸಿ, ಅವಳನ್ನು ಎತ್ತಿ ತಂದು ಆಸ್ಪತ್ರೆ ಮುಟ್ಟಿಸಿದಾಗ ಐದೂವರೆ. ಡಾಕ್ಟರ್ ನಸೀಮಾ ಹೊರಗೆ ಬಂದು ಓಂಕಾರಿಯ ಮುಂದೆ ನಿಂತರು. ಅವರಿಗೂ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಆ ಕಟ್ಟು ಜೀವ ಉಳಿಸಿದೆ. ಆದರೆ ಹತ್ತು ಗಂಟೆ ರಕ್ತ ಹರಿದಿಲ್ಲ, ಕಾಲು ಸತ್ತುಹೋಗಿದೆ. ತೆಗೀಲೇಬೇಕು. ಬೆಳಿಗ್ಗೆ ಹನ್ನೊಂದು, ಹನ್ನೆರಡಕ್ಕೆ ತಂದಿದ್ರೆ ಕಾಲೂ ಉಳೀತಿತ್ತು. ಎಲ್ಲಿದ್ರಿ ನೀವೆಲ್ಲ ಇಷ್ಟು ಹೊತ್ತು?"

ಓಂಕಾರಿ ನನ್ನ ಕಡೆ ನೋಡಲಿಲ್ಲ. ನಾನೇ ಹೇಳಿದೆ, "ಕಚೇರಿಯಲ್ಲಿ ಕೂತಿದ್ವಿ ಡಾಕ್ಟ್ರೇ." ಅವರಿಗೆ ಅರ್ಥವಾಗಲಿಲ್ಲ, ಸಹಿ ಹಾಕಿಸಿಕೊಂಡು ಒಳಗೆ ಹೋದರು.

ಒಂಬತ್ತನೆಯ ದಿನ ಅನುಮತಿ ಪತ್ರ ಬಂತು. ಕೆರೆಯ ನಡುವಿನ ನೂರು ಅಡಿ ಜಾಗದಲ್ಲಿ ಹುಡುಕಾಟಕ್ಕೆ ಅವಕಾಶ ನೀಡಲಾಗಿದೆ, ದಾರ ಕಡ್ಡಾಯ. ಅದರ ಹಿಂದೆಯೇ ಇನ್ನೊಂದು ಪತ್ರ: ದಾರವಿಲ್ಲದೆ ಇಪ್ಪತ್ತಮೂರು ನಿಮಿಷ ಹಾರಿಸಿದ್ದರ ಬಗ್ಗೆ ವಿಚಾರಣೆ. ಎರಡಕ್ಕೂ ಒಬ್ಬರದೇ ಸಹಿ. ಓದಿ ನಾನು ಅಡುಗೆಮನೆಯಲ್ಲಿ ಒಂದು ತಟ್ಟೆಯನ್ನು ಗೋಡೆಗೆ ಎಸೆದೆ. ಸ್ಟೀಲಿನ ತಟ್ಟೆ, ಒಡೆಯಲಿಲ್ಲ. ಅದೂ ಸಿಟ್ಟು ತರಿಸಿತು.

ವಿಚಾರಣೆಯ ದಿನ ಊರಿನ ಅರ್ಧ ಜನ ಕಚೇರಿಯ ಮುಂದಿದ್ದರು. ಒಳಗೆ ಮುಖ್ಯ ಕಚೇರಿಯಿಂದ ಬಂದ ಇಬ್ಬರು, ಪಕ್ಕದಲ್ಲಿ ಸುಧಾಕರ್. ಮುದ್ರೆ ಯಾರು ಬಿಚ್ಚಿದರು ಎಂಬುದೇ ಮೊದಲ ಪ್ರಶ್ನೆ. ಹಿಂದಿನ ಸಂಜೆ ಸುಧಾಕರ್ ನಮ್ಮ ಮನೆಗೆ ಬಂದು, ಓಂಕಾರಿ ಇಕ್ಕಳ ಕಿತ್ತುಕೊಂಡ ಎಂದು ಹೇಳಿಬಿಡಿ, ನಿಮ್ಮ ಕೆಲಸ ಉಳಿಯುತ್ತೆ ಎಂದು ಮೆತ್ತಗೆ ಹೇಳಿಹೋಗಿದ್ದರು. ಅದನ್ನೂ ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದರು.

"ನಾನು ಬಿಚ್ಚಿದೆ," ಎಂದೆ. "ಸಂಜೆ ನಾಲ್ಕು ಗಂಟೆಗೆ. ಇವನು ಬೆಳಿಗ್ಗೆ ಹತ್ತಕ್ಕೇ ಕೇಳಿದ್ದ. ಇಕ್ಕಳ ಆಗಲೂ ನನ್ನ ಹತ್ರಾನೇ ಇತ್ತು. ನಾಲ್ಕಕ್ಕೆ ಬಿಚ್ಚಿದ್ದಕ್ಕೆ ಏನು ಶಿಕ್ಷೆ ಕೊಡ್ತೀರೋ ಕೊಡಿ. ಹತ್ತಕ್ಕೆ ಬಿಚ್ಚದೇ ಇದ್ದದ್ದಕ್ಕೆ ಏನು ಕೊಡ್ತೀರಿ, ಅದನ್ನೂ ಬರೀರಿ."

"ಅದು ವಿಚಾರಣೆಯ ವ್ಯಾಪ್ತಿಗೆ ಬರಲ್ಲ," ಎಂದರು ಮುಖ್ಯ ಕಚೇರಿಯವರಲ್ಲಿ ದಪ್ಪ ಕನ್ನಡಕದವರು.

ಆಗ ಬಾಗಿಲಲ್ಲಿ ಗದ್ದಲವಾಯಿತು. ಚಾಪೆ ನೇಯುವ ಕೇರಿಯವರು ನಾಲ್ಕು ಜನ ಕುರ್ಚಿಯೊಂದನ್ನು ಎತ್ತಿಕೊಂಡು ಬಂದರು. ಕುರ್ಚಿಯಲ್ಲಿ ಸಣ್ಣೀರಮ್ಮ. ಮೊಣಕಾಲಿನ ಮೇಲಿನಿಂದ ಸೀರೆ ಖಾಲಿಯಾಗಿ ಮಡಚಿಕೊಂಡಿತ್ತು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಡಾಕ್ಟರು ಬೇಡವೆಂದರೂ. ಆಕೆಯನ್ನು ಕಂಡು ಸುಧಾಕರ್ ಎದ್ದು ನಿಂತರು.

"ಅಮ್ಮಾ, ನಿಮಗಾದ ನೋವು ನಮಗೆ ಅರ್ಥ ಆಗುತ್ತೆ," ಎಂದರು.

"ಅರ್ಥ ಆಗೋದು ಬ್ಯಾಡ ಸಾಹೇಬ್ರೆ," ಎಂದಳು ಸಣ್ಣೀರಮ್ಮ. ದನಿ ಎತ್ತರಿಸಲಿಲ್ಲ. "ನಾನೊಂದು ಕೇಳ್ತೀನಿ, ಹೇಳ್ರಿ. ಅವತ್ತು ವಿಮಾನ ಇತ್ತಾ?"

"ಇರಲಿಲ್ಲ."

"ಮತ್ತೆ ಯಾರಿಗೆ ದಾರಿ ಬಿಟ್ಕೊಟ್ಟು ನಾನು ಅಲ್ಲಿ ಬಿದ್ದಿದ್ದೆ?"

ಕನ್ನಡಕದವರು ಕಾಗದ ತಿರುವಿದರು. ಸಣ್ಣೀರಮ್ಮ ಅವರನ್ನೇ ನೋಡುತ್ತಾ ಮುಂದುವರಿಸಿದಳು.

"ಕಾಲಿಗೆ ಕಟ್ಕೊಂಡು ಮಲಗಿದ್ನಲ್ಲ, ಹೆದರಿಕೆ ಆಗ್ಲಿಲ್ಲ ನನಗೆ. ನಮ್ಮ ಓಂಕಾರಿ ಐದಾನೆ, ಅವನ ಹಕ್ಕಿ ಈಗ ಬರ್ತೈತೆ ಅಂತ ಮೇಲೆ ನೋಡ್ಕೊಂಡೇ ಇದ್ದೆ. ಹೊತ್ತು ನೆತ್ತಿಗೆ ಬಂತು. ಬರ್ಲಿಲ್ಲ. ಹೊತ್ತು ಇಳೀತು. ಬರ್ಲಿಲ್ಲ. ಆವಾಗ ಹೆದರಿಕೆ ಆಯ್ತು ನೋಡ್ರಿ. ನಾನು ಇಷ್ಟು ಹೊತ್ತಾದ್ರೂ ಮನೆಗೆ ಬಂದಿಲ್ಲ, ಅವನು ಹುಡುಕ್ಕೊಂಡು ಬಂದಿಲ್ಲ ಅಂದ್ರೆ ಅವನಿಗೇ ಏನೋ ಆಗೈತೆ. ನನ್ನ ತಮ್ಮ ಬದುಕಿಲ್ಲ ಅಂದ್ಕೊಂಡೆ. ಅವನಿಗೋಸ್ಕರ ಅಲ್ಲಿ ಮಲ್ಕೊಂಡು ಅತ್ತೆ. ಅವನು ನೋಡಿದ್ರೆ ಇಲ್ಲಿ ನಿಮ್ಮ ಬೆಂಚಿನ ಮ್ಯಾಲೆ ಕೂತಿದ್ದ."

ಓಂಕಾರಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ನನಗೆ ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೋ ಏನೋ.

ತೀರ್ಪು ಹೀಗಾಯಿತು: ಡ್ರೋನು ಜಪ್ತಿ, ಓಂಕಾರಿಗೆ ಐದು ವರ್ಷ ಹಾರಾಟ ನಿಷೇಧ, ನನಗೆ ಕೆಲಸದಿಂದ ವಜಾ. ಊರಿನವರ ಸಿಟ್ಟು ನೋಡಿ ಕಚೇರಿಯವರು ಒಂದು ಹೊಸ ಅರ್ಜಿಯನ್ನೂ ತಂದರು, 'ತುರ್ತು ಹಾರಾಟಕ್ಕೆ' ಎಂದು. ಅದಕ್ಕೆ ಮೂರು ಕೆಲಸದ ದಿನಗಳೊಳಗೆ ಉತ್ತರ ಕೊಡುತ್ತಾರಂತೆ. ಇದರಿಂದ ಜನ ಸಮಾಧಾನಗೊಂಡರು. ಭಾನುವಾರ ಶಾಲೆಯ ಬಯಲಿನಲ್ಲಿ ಉಳಿದ ಹತ್ತು ಜನ ಹತ್ತು ತಂತಿ ಹಿಡಿದು ಮತ್ತೆ ನಿಂತರು. ಅವರನ್ನು ಕಂಡಾಗಲೆಲ್ಲ ನನಗೆ ಕೂಗಾಡಬೇಕು ಅನ್ನಿಸುತ್ತಿತ್ತು. ಏನೆಂದು ಕೂಗಲಿ? ಆ ತಂತಿಗಳನ್ನು ಕಟ್ಟಿದವಳು ನಾನು.

ಸಣ್ಣೀರಮ್ಮ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹೋದೆ. ಅವಳು ಏರಿಯ ಮೇಲಿನ ತನ್ನ ಗುಡಿಸಲ ಮುಂದೆ ಮಗ್ಗದ ಕೋಲುಗಳ ನಡುವೆ ಕೂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ, "ತಪ್ಪಾಯ್ತು ಅಂತ ಹೇಳಾಕೆ ಬಂದಿದ್ರೆ ಹೋಗು," ಎಂದಳು. "ಅದನ್ನ ತಗೊಂಡು ನಾನೇನ್ ಮಾಡ್ಲಿ? ನೇಯೋಕೆ ಕೈ ಐತೆ. ಕೆರೆಗೆ ಇಳಿಯೋಕೆ ಕಾಲಿಲ್ಲ. ಓಂಕಾರಿಗೆ ಜೊಂಡು ಕೊಯ್ಯೋಕೆ ಬರಲ್ಲ, ಎಳೇದು ಬಲಿತಿದ್ದು ಗೊತ್ತಾಗಲ್ಲ. ನಾಳೆಯಿಂದ ನೀನು ಬಾ."

ಮಾರನೆಯ ದಿನದಿಂದ ಹೋಗುತ್ತಿದ್ದೇನೆ. ಮೊದಲ ತಿಂಗಳು ಎರಡೂ ಅಂಗೈ ಕುಯ್ದುಹೋದವು. ಅವಳು ಏರಿಯಿಂದ ಕೂಗಿ ಬೈಯುತ್ತಿದ್ದಳು, ಬುಡಕ್ಕೆ ಹಾಕು, ನಡುವಿಗೆ ಹಾಕಬ್ಯಾಡ, ಇದು ಹಸಿ, ಎಸಿ ಅತ್ಲಾಗೆ. ಬೈಯುವುದು ಬಿಟ್ಟರೆ ನನ್ನೊಂದಿಗೆ ಬೇರೆ ಮಾತಿಲ್ಲ. ಓಂಕಾರಿ ಮಧ್ಯಾಹ್ನ ಬುತ್ತಿ ತಂದಿಡುತ್ತಾನೆ, ಇಬ್ಬರಿಗೂ. ನನ್ನ ಬುತ್ತಿಯನ್ನು ಕೈಗೆ ಕೊಡುವುದಿಲ್ಲ, ಕಲ್ಲಿನ ಮೇಲಿಟ್ಟು ಹೋಗುತ್ತಾನೆ.

ಹೀಗೆ ಎಂಟು ತಿಂಗಳಾದ ಮೇಲೆ, ಬಿಸಿಲು ಕಾಯುವ ಕಾಲದಲ್ಲಿ, ಸುಧಾಕರ್ ಸಾಹೇಬರು ಏರಿಯ ಮೇಲೆ ಬಂದರು. ಕೈಯಲ್ಲಿ ಕಡತ. ಅವರಿಗೆ ಬಡ್ತಿಯಾಗಿ ಬೇರೆ ಊರಿಗೆ ಹೋಗಬೇಕಿತ್ತು. ಹೋಗುವ ಮುಂಚೆ ಕಡತ ಮುಚ್ಚಬೇಕು. ಅದಕ್ಕೆ 'ನನಗೆ ಯಾವ ದೂರೂ ಇಲ್ಲ' ಎಂಬ ಕಾಗದಕ್ಕೆ ಸಣ್ಣೀರಮ್ಮನ ಹೆಬ್ಬೆಟ್ಟು ಬೇಕು. ನಾನು ದಡದ ಜೊಂಡಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ, ಎಲ್ಲ ಕೇಳುತ್ತಿತ್ತು.

"ಈಗೆಷ್ಟು ಗಂಟೆ ಸಾಹೇಬ್ರೆ?" ಎಂದಳು ಸಣ್ಣೀರಮ್ಮ.

"ಹತ್ತು."

"ಒಳ್ಳೇದಾತು. ಇಲ್ಲೇ ಕೂತ್ಕೊಳ್ರಿ, ಈ ಚಾಪೆ ಮ್ಯಾಲೆ. ನಾಕು ಗಂಟೆ ತನಕ. ಎದ್ದೇಳಂಗಿಲ್ಲ, ನೆರಳಿಗೆ ಹೋಗಂಗಿಲ್ಲ, ನೀರು ಕುಡಿಯಂಗಿಲ್ಲ. ನಾಕು ಹೊಡೆದ ಕೂಡ್ಲೇ ಒತ್ತಿಕೊಡ್ತೀನಿ."

ಅವರು ನಕ್ಕರು. ಅವಳು ನಗಲಿಲ್ಲ. ಅವರು ಸುತ್ತ ನೋಡಿ, ನನ್ನನ್ನು ಕಂಡು, ಕೊನೆಗೆ ಬೂಟು ಬಿಚ್ಚಿ ಚಾಪೆಯ ಮೇಲೆ ಕೂತರು. ಸಣ್ಣೀರಮ್ಮ ನೇಯುತ್ತಿದ್ದಳು. ನಾನು ಕೊಯ್ಯುತ್ತಿದ್ದೆ. ಹನ್ನೊಂದರ ಹೊತ್ತಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಕರವಸ್ತ್ರವನ್ನು ತಲೆಯ ಮೇಲೆ ಹಾಕಿ ನಾಲ್ಕೂ ಮೂಲೆ ಎಳೆದುಕೊಂಡರು. ಹನ್ನೊಂದೂವರೆಗೆ ಕಾಲು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಎದ್ದು ನಿಂತರು.

"ನನಗೆ ಬಿಸಿಲು ಆಗಲ್ಲಮ್ಮ. ರಕ್ತದೊತ್ತಡ ಇದೆ. ಅರ್ಥ ಮಾಡ್ಕೊಳಿ."

"ಇನ್ನೂ ನಾಕು ಗಂಟೆ ಮ್ಯಾಲೆ ಐತೆ," ಎಂದಳು ಅವಳು, ಚಾಪೆಯಿಂದ ಕಣ್ಣು ತೆಗೆಯದೆ.

ಅವರು ಕಡತ ಕಂಕುಳಲ್ಲಿಟ್ಟುಕೊಂಡು, ಬೂಟು ಕೈಯಲ್ಲಿ ಹಿಡಿದು, ಕಾದ ಮಣ್ಣಿನ ಮೇಲೆ ಹಾರಿ ಹಾರಿ ಹೆಜ್ಜೆಯಿಡುತ್ತಾ ಏರಿ ಇಳಿದು ಹೋದರು. ಆ ಕಡತ ಇವತ್ತಿಗೂ ಮುಚ್ಚಿಲ್ಲ. ಹೊಸ ಸಾಹೇಬರು ಎರಡು ಸಲ ಹೇಳಿಕಳಿಸಿದ್ದಾರೆ. ಅವರಿಗೂ ಅದೇ ಚಾಪೆ, ಅದೇ ಹೊತ್ತು ಎಂದು ಸಣ್ಣೀರಮ್ಮ ಉತ್ತರ ಕಳಿಸಿದ್ದಾಳೆ.

ಅವತ್ತು ಸುಧಾಕರ್ ಕಣ್ಮರೆಯಾಗುವವರೆಗೂ ನಾನು ಕುಡುಗೋಲು ಹಿಡಿದು ನೋಡುತ್ತಾ ನಿಂತಿದ್ದೆ. ಒಂದು ಗಳಿಗೆ, ನಾವಿಬ್ಬರೂ ಸೇರಿ ಏನೋ ಗೆದ್ದೆವು ಎಂಬ ಭಾವನೆ ಬಂದಿತ್ತು ನನಗೆ. ಏರಿಯ ಮೇಲಿನಿಂದ ಸಣ್ಣೀರಮ್ಮನ ದನಿ ಬಂತು.

"ನೀನ್ಯಾಕೆ ನಿಂತೆ? ಕೊಯ್ಯಿ."